ಆಯಿಯ ಹತ್ತು ಬೆರಳು

"ಇನ್ನೊಂದ್ ಸಲ ಇಡು ಆಯಿ. ಒತ್ತಿ ಇಡು."

ಆಯಿ ತೋರುಬೆರಳನ್ನು ಸೀರೆಗೆ ಒರೆಸಿಕೊಂಡು ಬಾಗಿಲಿನ ಲಾಕ್ ಮೇಲೆ ಇಟ್ಟಳು. ಕೆಂಪು ದೀಪ ಮಿನುಗಿತು. ಲಾಕ್ ಒಳಗಿನಿಂದ ಒಬ್ಬ ಹೆಂಗಸು ಬಲು ನಯವಾಗಿ "ಟ್ರೈ ಅಗೇನ್" ಎಂದಳು.

"ಏನಂತಾಳ ಈಕಿ?"

"ಮತ್ತೊಮ್ಮೆ ಇಡು ಅಂತಾಳ."

"ಮುಂಜಾನಿಂದ ಅದನ್ನೇ ಹೇಳಾಕತ್ತಾಳ. ಬ್ಯಾರೆ ಮಾತು ಬರೂದಿಲ್ಲೇನು ಈಕಿಗೆ?"

ಪ್ರಜ್ಞಾ ನಗಲಿಲ್ಲ. ಐದನೇ ಕ್ಲಾಸಿನ ಪ್ರಜ್ಞಾ ಒಂದು ಕೆಲಸ ಹಿಡಿದಳೆಂದರೆ ಊಟದ ನೆನಪೂ ಇರುವುದಿಲ್ಲ. ಈಗ ಹಿಡಿದಿದ್ದು ಆಯಿಯ ಬೆರಳನ್ನು. ಆಯಿ ಅಂದರೆ ಅವಳ ಅಜ್ಜಿ, ದುರ್ಗವ್ವ.

ಇಂಡಿ ಊರಿನ ಅವರ ಮನೆಗೆ ಈ ಸ್ಮಾರ್ಟ್ ಲಾಕ್ ಬಂದು ಇಪ್ಪತ್ತು ದಿನವಾಗಿತ್ತು. ಪಪ್ಪಾ ಆಸೆಪಟ್ಟು ತರಿಸಿದ್ದ. ಬೆರಳಿಟ್ಟರೆ ತೆರೆಯುತ್ತದೆ, ಬಾಗಿಲು ಮುಚ್ಚಿದರೆ ತಾನಾಗಿಯೇ ಲಾಕ್ ಆಗುತ್ತದೆ. ಪಪ್ಪಾನ ಮೊಬೈಲಿನಿಂದಲೂ ತೆರೆಯಬಹುದು. ಜೊತೆಗೆ ಬಂದ ಕೀಲಿಕೈಗಳನ್ನು "ಇನ್ನ ಇವು ಯಾಕ ಬೇಕು?" ಎಂದು ಪಪ್ಪಾ ಆಫೀಸಿನ ಡ್ರಾವರಿನಲ್ಲಿ ಹಾಕಿಬಿಟ್ಟಿದ್ದ.

ಎಲ್ಲರ ಬೆರಳನ್ನೂ ಲಾಕ್ ಗುರುತು ಹಿಡಿಯಿತು. ಆಯಿಯದನ್ನು ಮಾತ್ರ ಹಿಡಿಯಲಿಲ್ಲ, ಹಾಗಾಗಿ ಸೇರಿಸಿಕೊಳ್ಳಲೂ ಇಲ್ಲ.

ಹಾಳಾದ ಗಾಳಿಯೂ ಲಾಕಿನ ಪರ. ಆಯಿ ಮೆಣಸಿನಕಾಯಿ ಒಣಗಹಾಕಲು ಹೊರಗೆ ಬಂದರೆ ಸಾಕು, ಹಿಂದೆ ಬಾಗಿಲು ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು. ಹಾಗೆ ಮೂರು ಸಲ ಆಯಿ ಹೊರಗೇ ಉಳಿದಳು. ಒಂದು ದಿನವಂತೂ ಪ್ರಜ್ಞಾ ಶಾಲೆಯಿಂದ ಬರುವವರೆಗೆ, ಎರಡೂವರೆ ತಾಸು, ಬಿಸಿಲಿಗೆ ಕಾದ ಮೆಟ್ಟಿಲ ಮೇಲೆ ಕೂತಿದ್ದಳು.

"ನಿಮ್ಮಪ್ಪಗ ಹೇಳಬ್ಯಾಡ" ಎಂದಿದ್ದಳು ಆಯಿ.

ಆಮೇಲೆ ಆಯಿ ಹೊರಗೆ ಹೋಗುವುದನ್ನೇ ಬಿಟ್ಟಳು. ಹಿಂದಿನ ಓಣಿಯ ಪೀರಬಿ ಅವಳ ಗೆಳತಿ. ದಿನಾ ಮೂರು ಗಂಟೆಗೆ ಇಬ್ಬರೂ ಪೀರಬಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಊರಿನವರ ಸುದ್ದಿಯನ್ನೆಲ್ಲ ಅಗಿಯುತ್ತಿದ್ದರು. ಅದೂ ನಿಂತುಹೋಗಿತ್ತು. ಪ್ರಜ್ಞಾಳಿಗೆ ತಡೆಯಲಾಗದ ಸಂಕಟ ಅದೇ.

ಅದಕ್ಕೇ ಅವಳು ನಾಲ್ಕು ದಿನ ಹತ್ತೂ ಬೆರಳುಗಳ ಹಿಂದೆ ಬಿದ್ದಳು. ಕೊಬ್ಬರಿ ಎಣ್ಣೆ ಹಚ್ಚಿದಳು. ಶಾಂಪೂ ಹಾಕಿ ತೊಳೆದಳು. ಒದ್ದೆ ಮಾಡಿ ನೋಡಿದಳು, ಒರೆಸಿ ನೋಡಿದಳು. ಲಾಕಿನ ಹೆಂಗಸು ಮಾತ್ರ ಟ್ರೈ ಅಗೇನ್ ಬಿಟ್ಟು ಬೇರೆ ಹೇಳಲಿಲ್ಲ.

ಕೊನೆಗೆ ಪಪ್ಪಾನ ಹಳೆಯ ಸ್ಟಾಂಪ್ ಪ್ಯಾಡ್ ತಂದು ಆಯಿಯ ಬೆರಳುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಒತ್ತಿಸಿದಳು. ಕೆಳಗೆ ತನ್ನವನ್ನೂ ಒತ್ತಿದಳು. ಪ್ರಜ್ಞಾಳ ಬೆರಳುಗಳಲ್ಲಿ ಸುತ್ತು ಸುತ್ತು ಗೆರೆಗಳು ಮೂಡಿದವು. ಆಯಿಯವು ಹತ್ತೂ ಬರೀ ನೀಲಿ ಕಲೆ.

"ಆಯಿ, ನಿನ್ನ ಗೆರಿ ಎಲ್ಲಿ ಹೋದ್ವು?"

"ಅವನ್ನ ರೊಟ್ಟಿ ತಿಂದು ಹ್ವಾದ್ವು" ಎಂದು ಆಯಿ ನಕ್ಕಳು. "ಖಾನಾವಳ್ಯಾಗ ಇಪ್ಪತ್ತೈದು ವರ್ಷ ರೊಟ್ಟಿ ಬಡದೇನಿ. ದಿನಕ್ಕ ಇನ್ನೂರು. ಕಾದ ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೇ ತಿರುವಬೇಕು. ಗೆರಿ ಎಲ್ಲಿ ಉಳೀತಾವ?"

ಬಸ್ ಸ್ಟ್ಯಾಂಡ್ ಹತ್ತಿರದ ಆ ಖಾನಾವಳಿಯ ದುಡಿಮೆಯಿಂದಲೇ ಆಯಿ ಪಪ್ಪಾನನ್ನು ಓದಿಸಿದ್ದು ಪ್ರಜ್ಞಾಳಿಗೆ ಗೊತ್ತಿತ್ತು. ಅವಳು ನೋಟ್‌ಬುಕ್ ಹಿಡಿದುಕೊಂಡು ನೇರ ಪಪ್ಪಾನ ಮುಂದೆ ಹೋಗಿ ನಿಂತಳು.

"ಪಪ್ಪಾ, ಲಾಕ್ ತಗಸು. ಆಯಿ ಬೆರಳಿಗೆ ಅದು ತೆರಿಯೂದೇ ಇಲ್ಲ."

ಪಪ್ಪಾ ಮೊಬೈಲ್ ನೋಡುತ್ತಲೇ ಹೇಳಿದ. "ನೋಡೂಣು ತಡಿ. ಅವ್ವ ಎಲ್ಲಿಗೆ ಹೋಗ್ತಾಳ? ಮನ್ಯಾಗೇ ಇರ್ತಾಳಲ್ಲ."

ಪ್ರಜ್ಞಾಳಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲಿಗೂ ಹೋಗದ ಹಾಗೆ ಮಾಡಿದ್ದು ಯಾರು?

ಮರುದಿನ ಬೆಳಿಗ್ಗೆ ಪಪ್ಪಾ ಸ್ನಾನಕ್ಕೆ ಹೋದಾಗ ಅವಳು ಅವನ ಮೊಬೈಲಿನಲ್ಲಿ ಲಾಕಿನ ಆಪ್ ತೆರೆದಳು. ಮನೆಯವರ ಪಟ್ಟಿ ಬಂತು. ಸುಭಾಸ, ಯಶೋಧಾ, ಪ್ರಜ್ಞಾ. ಅಷ್ಟೇ. ಮನೆಗೆ ಎಲ್ಲರಿಗಿಂತ ಹಿರಿಯಳಾದ ದುರ್ಗವ್ವ ಇರಲಿಲ್ಲ.

ಪ್ರಜ್ಞಾ ಮೊದಲು ತನ್ನ ಹೆಸರು ಅಳಿಸಿದಳು. ಆಮೇಲೆ ಪಪ್ಪಾನದು, ಮಮ್ಮಿಯದು. ಆಪ್ ಅನ್ನೂ ತೆಗೆದುಹಾಕಿದಳು. ಅದರ ಪಾಸ್‌ವರ್ಡ್ ಪಪ್ಪಾನಿಗೆ ನೆನಪಿರುವುದಿಲ್ಲ. ಬರೆದಿಟ್ಟ ಚೀಟಿ ಫ್ರಿಜ್ ಮೇಲಿತ್ತು, ಅಂದರೆ ಮನೆಯ ಒಳಗೆ.

ಸಂಜೆ ಶಾಲೆಯಿಂದ ಬಂದವಳೇ ಆಯಿಯಿಂದ ಬಾಗಿಲು ತೆಗೆಸಿದಳು; ಒಳಗಿನಿಂದ ತೆಗೆಯಲು ಬೆರಳು ಬೇಕಿರಲಿಲ್ಲ. "ಹೊರಗ ಬಾ ಆಯಿ, ತಣ್ಣಗ ಗಾಳಿ ಐತಿ" ಎಂದು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಹೊರಗಿನಿಂದ ಬಾಗಿಲು ಎಳೆದುಕೊಂಡಳು.

ಐದೂವರೆಗೆ ಪಪ್ಪಾನ ಬೈಕ್ ಬಂತು. ಪಪ್ಪಾ ಹೆಬ್ಬೆರಳು ಇಟ್ಟ.

"ಟ್ರೈ ಅಗೇನ್."

ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಇಟ್ಟ. ಊದಿ ಇಟ್ಟ. ಬೇರೆ ಬೆರಳು ಇಟ್ಟ. ಟ್ರೈ ಅಗೇನ್, ಟ್ರೈ ಅಗೇನ್. ಮೊಬೈಲಿನಲ್ಲಿ ಆಪ್ ಹುಡುಕಿದ. ಇಲ್ಲ.

"ಏನಾತು ಇದಕ್ಕ?"

"ನಾನೇ ಎಲ್ಲಾರದೂ ಅಳಿಸೇನಿ" ಎಂದಳು ಪ್ರಜ್ಞಾ. ತಲೆ ತಗ್ಗಿಸಲಿಲ್ಲ.

"ತಲಿ ಕೆಟ್ಟೈತೇನು ನಿನಗ?" ಪಪ್ಪಾ ಗುಡುಗಿದ.

ಆಯಿ ತನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದಳು ಪ್ರಜ್ಞಾ. ಆದರೆ ಆಯಿ ಅವಳ ಮೇಲೆಯೇ ಸಿಟ್ಟಾದಳು. "ಇದೇನ ಮಾಡಿದಿ? ದಣದು ಬಂದಾನ ನನ್ನ ಮಗ. ಅವನನ್ನ ಹೊರಗ ನಿಂದರಿಸಿದೆಲ್ಲ!"

ಪ್ರಜ್ಞಾಳಿಗೆ ಅಳು ಒತ್ತರಿಸಿ ಬಂತು. "ಮತ್ತ ನೀ? ನೀ ಮೂರ ಸಲ ಕುಂತಿದ್ದಿಲ್ಲೇನು ಹೊರಗ? ಎರಡೂವರಿ ತಾಸು, ಬಿಸಿಲಾಗ? ಹೇಳಬ್ಯಾಡ ಅಂದಿ, ನಾ ಹೇಳಲಿಲ್ಲ!"

ಪಪ್ಪಾ ಹೆಲ್ಮೆಟ್ ಕೆಳಗಿಟ್ಟು, ಮೆಟ್ಟಿಲ ಮೇಲೆ ಆಯಿಯ ಪಕ್ಕದಲ್ಲಿ ಕೂತ.

"ಖರೇನ ಅವ್ವಾ?"

ಆಯಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಯಾಕ ಹೇಳಲಿಲ್ಲ ನನಗ?"

"ನೀ ಎಷ್ಟ ಆಸೆಪಟ್ಟ ತಂದಿದ್ದಿ" ಎಂದಳು ಆಯಿ ಮೆಲ್ಲಗೆ. "ಎಲ್ಲಾರ ಬೆರಳೂ ನಡೀತಾವು, ನಂದೊಂದೇ ನಡಿಯೂದಿಲ್ಲ. ಹೆಂಗ ಹೇಳಲೆಪ್ಪಾ? ನಾಚಿಕಿ ಬಂತು."

ಪ್ರಜ್ಞಾ ಅಳುವುದನ್ನು ನಿಲ್ಲಿಸಿ ಆಯಿಯನ್ನು ನೋಡಿದಳು. ಬಿಸಿಲು, ಹಸಿವು, ಕಾಯುವುದು, ಇಷ್ಟನ್ನೇ ಅವಳು ಲೆಕ್ಕ ಹಾಕಿದ್ದಳು. ಆಯಿಗೆ ನಾಚಿಕೆಯೂ ಆಗಿರಬಹುದು ಎಂದು ಹೊಳೆದೇ ಇರಲಿಲ್ಲ.

ಪಪ್ಪಾ ಆಯಿಯ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು, ಬೆರಳ ತುದಿಗಳನ್ನು ಒಂದೊಂದಾಗಿ ಸವರಿದ. ತುಂಬಾ ಹೊತ್ತು ಸವರಿದ. ಆಮೇಲೆ ಎದ್ದು ಬೈಕ್ ಹತ್ತಿ ಆಫೀಸಿಗೆ ಹೋದ. ಅರ್ಧ ತಾಸಿಗೆ ತಿರುಗಿ ಬಂದು, ಡ್ರಾವರಿನಲ್ಲಿದ್ದ ಎರಡು ಕೀಲಿಕೈಗಳಲ್ಲಿ ಒಂದನ್ನು ಆಯಿಯ ಅಂಗೈಯಲ್ಲಿಟ್ಟ.

"ತಗಿ ಅವ್ವಾ."

ಆಯಿ ತಿರುವಿದಳು. ಬಾಗಿಲು ತೆರೆಯಿತು. ಲಾಕಿನ ಹೆಂಗಸು ತುಟಿ ಬಿಚ್ಚಲಿಲ್ಲ.

ಪ್ರಜ್ಞಾಳಿಗೆ ಬೈಗುಳವೇನೂ ತಪ್ಪಲಿಲ್ಲ. ಹೇಳದೆ ಪಪ್ಪಾನ ಮೊಬೈಲ್ ಮುಟ್ಟಿದ್ದಕ್ಕೆ ಮಮ್ಮಿ ಬಂದ ಮೇಲೆ ಇನ್ನೊಂದು ಸುತ್ತು ಆಯಿತು. ಮೂವರ ಬೆರಳನ್ನೂ ಮತ್ತೆ ಅವಳೇ ಕೂತು ಹಾಕಿಕೊಡಬೇಕಾಯಿತು.

ಸೋಮವಾರ ಶಾಲೆಯಿಂದ ಬಂದಾಗ ಮನೆಗೆ ಬೀಗ. ಒಳಗೆ ಸದ್ದಿಲ್ಲ. ಆಯಿ ಪೀರಬಿಯ ಕಟ್ಟೆಗೆ ಹೋಗಿದ್ದಾಳೆ! ಪ್ರಜ್ಞಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಲಾಕಿನ ಮೇಲೆ ಬೆರಳು ಇಡಲು ಹೋದವಳು, ಯಾಕೋ ಕೈ ಹಿಂದೆ ತೆಗೆದು ಬ್ಯಾಗ್ ಇಳಿಸಿ ಮೆಟ್ಟಿಲ ಮೇಲೆ ಕೂತಳು. ಮೆಟ್ಟಿಲು ಇನ್ನೂ ಬಿಸಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಲ್ಲಿ ಆಯಿ ಕಾಣಿಸಿದಳು. ಬಾಯಿ ಎಲೆ ಅಡಿಕೆಯಿಂದ ಕೆಂಪಾಗಿತ್ತು.

"ಯವ್ವಾ, ಹೊರಗ ಯಾಕ ಕುಂತಿ? ನಿನ್ನ ಬೆರಳ ನಡೀತಾವಲ್ಲ!"

"ನಡೀತಾವು" ಎಂದಳು ಪ್ರಜ್ಞಾ. "ನೀ ತಗಿ ಆಯಿ."

ಆಯಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಕೀಲಿಕೈ ತಿರುವಿ, ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತಳು.

"ಬರ್ರಿ," ಎಂದಳು ದೊಡ್ಡ ದನಿಯಲ್ಲಿ, "ಒಳಗ ಬರ್ರಿ ನಮ್ಮ ಮನಿಗೆ."