ಹಾಡಬೇಡಿ ಎಂದವನು

“ಬ್ರೇಕ್! ಬ್ರೇಕ್! ಅಯ್ಯೋ, ಬ್ರೇಕ್ ಇರೋದು ಬಲಗಾಲಿಗೆ!”

ಕೊನೆಗೆ ಪಕ್ಕದಲ್ಲಿ ಕೂತು ಡ್ರೈವಿಂಗ್ ಕಲಿಸುತ್ತಿದ್ದ ಅವಳೇ ತನ್ನ ಕಾಲಡಿಯ ಬ್ರೇಕ್ ಒತ್ತಿದಳು. ಎದುರಿನ ಗೋಡೆಗೆ ಮುತ್ತು ಕೊಡುವಷ್ಟು ಹತ್ತಿರ ಹೋಗಿ ಕಾರು ನಿಂತಿತು.

ಸ್ಟೀರಿಂಗ್ ಹಿಡಿದಿದ್ದ ಹೊಸ ವಿದ್ಯಾರ್ಥಿ ನಿಧಾನವಾಗಿ ಅವಳ ಕಡೆ ತಿರುಗಿದ. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ.

“ಮೇಡಂ, ನನಗೆ ಕಿವಿ ಚೆನ್ನಾಗಿ ಕೇಳುತ್ತೆ.”

“ಕಿವಿ ಕೇಳಿದ್ರೆ ಸಾಲದು ಸಾರ್, ಕಾಲೂ ಮಾತು ಕೇಳಬೇಕು!”

ಅವನು ನಕ್ಕುಬಿಟ್ಟ. ಛೇ, ನಗಬಾರದಿತ್ತು... ಗೋಡೆಗಿಂತ ಈ ನಗುವೇ ಹೆಚ್ಚು ಅಪಾಯ ಎಂದು ಅವಳಿಗೆ ಆಗಲೇ ಅನಿಸಿತು.

ಅದೇ ಸಂಜೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಪಾದ್ರಿಗಳು ಅವಳು ಹಾಡುವ ಗಾಯನ ತಂಡಕ್ಕೆ ಹೊಸ ಮಾಸ್ಟರನ್ನು ಪರಿಚಯಿಸಿದರು. ಹಿಯರಿಂಗ್ ಏಡ್ ಅಂಗಡಿಯಲ್ಲಿ ಜನರ ಕಿವಿ ಪರೀಕ್ಷಿಸುವುದು ಅವನ ಕೆಲಸ. ಪಿಯಾನೋ ಅವನ ಹುಚ್ಚು.

ಅವಳು ಕಣ್ಣುಜ್ಜಿಕೊಂಡಳು. ಬೆಳಗಿನ ಗೋಡೆಯವನು!

“ನೀವು ಆಡೋಕೆ ಹೊರಟಿರೋ ಈ ಸಂಗೀತ ನಾಟಕ ಬರೆದವರು ಯಾರು?” ಅವನು ಕೇಳಿದ.

“ನಾನು,” ಎಂದಳು ಅವಳು, ತಲೆ ಎತ್ತಿಯೇ. ಸಂಕೋಚಪಡುವ ಕೆಲಸವನ್ನು ಅವಳೇನೂ ಮಾಡಿರಲಿಲ್ಲ.

ನಾಟಕ ಬೈಬಲಿನ ಹತ್ತು ಆಜ್ಞೆಗಳದ್ದು. ಚಿಕ್ಕಂದಿನಲ್ಲಿ ಅವನ್ನು ಅವಳಿಗೆ ಬೆತ್ತ ತೋರಿಸಿದ ಹಾಗೆ ಕಲಿಸಿದ್ದರು. ಕೊಲ್ಲಬೇಡ, ಕದಿಯಬೇಡ, ಸುಳ್ಳು ಹೇಳಬೇಡ... ಬೆಳಗಿನಿಂದ ಸಂಜೆಯವರೆಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು ‘ಬೇಡ, ಬೇಡ’ ಎಂದು ಕೂಗುವವಳಿಗೆ ಒಂದು ದಿನ ಹೊಳೆದಿತ್ತು: ಬೇಡ ಎನ್ನುವವರೆಲ್ಲ ಕೋಪದಿಂದ ಹೇಳುವುದಿಲ್ಲ. ಪಕ್ಕದಲ್ಲಿರುವವನು ಜೀವಂತವಾಗಿ ಮನೆ ಸೇರಲಿ ಅಂತಲೂ ಹೇಳುತ್ತಾರೆ. ಹಾಗೆ ಒಂದೊಂದು ಆಜ್ಞೆಯೂ ಅವಳ ಕೈಯಲ್ಲಿ ಒಂದೊಂದು ಪ್ರೇಮಗೀತೆಯಾಗಿತ್ತು.

*ಬೇಡವೆಂದೆ, ಬೇಲಿ ಕಟ್ಟಿದೆ,*
*ಬೇಲಿಯೊಳಗೆ ನೀನಿರುವೆಯೆಂದು...*

ಇದು ಕೊನೆಯ ಹಾಡು. ಬರೆದವಳು ಅವಳು, ರಾಗ ಕಟ್ಟಿದವಳು ಅವಳು, ಒಬ್ಬಳೇ ನಿಂತು ಹಾಡಬೇಕಾದವಳೂ ಅವಳೇ.

ಆಮೇಲಿನ ದಿನಗಳು ತಮಾಷೆಯಾಗಿದ್ದವು. ಬೆಳಿಗ್ಗೆ ಅವನು ಅವಳ ಮಾತು ಕೇಳಬೇಕು, ಸಂಜೆ ಅವಳು ಅವನ ಮಾತು ಕೇಳಬೇಕು. ತಂಡದವರು ಅವನಿಗೆ ‘ಕಿವಿ ಮಾಸ್ಟರ್’ ಎಂದು ಹೆಸರಿಟ್ಟರು. ಅವನು ರಿವರ್ಸ್ ಹಾಕುವುದನ್ನು ಕಲಿತ. ಅವಳು ಪಾಠವಿಲ್ಲದ ದಿನವೂ ಕನ್ನಡಿ ನೋಡಿಕೊಳ್ಳುವುದನ್ನು ಕಲಿತಳು.

“ಏನೇ, ಚರ್ಚಿಗೆ ಹೊರಟಿದೀಯಾ, ಮದುವೆಗಾ?” ಎಂದು ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಛೇಡಿಸಿದರು. ಚಿಕ್ಕಮ್ಮನೂ ತಂಡದ ಹಿಂದಿನ ಸಾಲಿನಲ್ಲಿ ಹಾಡುವವರೇ.

“ಸುಮ್ನಿರಿ ಚಿಕ್ಕಮ್ಮ!”

ಹೀಗಿರುವಾಗ ಆ ಸಂಜೆ ಬಂತು.

ಅವಳು ಕೊನೆಯ ಹಾಡಿನ ಎತ್ತರದ ಸಾಲಿಗೆ ಏರುತ್ತಿದ್ದಳು. ಪಿಯಾನೋ ತಟಕ್ಕನೆ ನಿಂತಿತು.

“ನೀವು ಹಾಡಬೇಡಿ,” ಎಂದ ಅವನು. “ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ.”



ಮುಂದಿನ ಬೆಂಚು! ಶ್ರುತಿ ತಪ್ಪುವವರನ್ನು ಹಳೆಯ ಮಾಸ್ಟರು ಕೂರಿಸುತ್ತಿದ್ದ ಜಾಗ ಅದು. ಅಲ್ಲಿ ಕೂತವರು ಮತ್ತೆ ಸಾಲಿಗೆ ಬಂದದ್ದನ್ನು ಈ ತಂಡದಲ್ಲಿ ಯಾರೂ ಕಂಡಿರಲಿಲ್ಲ.

“ನನ್ನ ಹಾಡು... ನಾನೇ ಹಾಡಬಾರದಾ?”

“ಸದ್ಯಕ್ಕೆ ಬೇಡ.”

“ಕಾರಣ?”

ಅವನು ಸುತ್ತಲಿನ ಮುಖಗಳನ್ನು ನೋಡಿದ. “ಆಮೇಲೆ ಹೇಳ್ತೀನಿ.”

“ನಿಮ್ಮ ಆಮೇಲೆ ನಿಮ್ಮ ಹತ್ರಾನೇ ಇರಲಿ!”

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಬೆಂಚಿನಲ್ಲಿ ಕೂರಲಿಲ್ಲ. ಅಳಲೂ ಇಲ್ಲ. ಅತ್ತದ್ದು ಮನೆಗೆ ಹೋದ ಮೇಲೆ, ಬಾತ್‌ರೂಮಿನ ನಲ್ಲಿ ತಿರುಗಿಸಿ.

ಅವನ ಪಾಠಗಳನ್ನು ಬೇರೆ ಟೀಚರಿಗೆ ವಹಿಸಿದಳು. ಅವನು ಫೋನ್ ಮಾಡಿದರೆ ಎತ್ತಲಿಲ್ಲ, ಸ್ಕೂಲಿನ ಬಾಗಿಲಿಗೆ ಬಂದರೆ ಹಿಂಬಾಗಿಲಿನಿಂದ ಹೊರಟುಹೋದಳು. ಹಟಕ್ಕೆ ಬಿದ್ದು ಮನೆಯಲ್ಲಿ ಆ ಹಾಡನ್ನು ಗೋಡೆ ಅದುರುವ ಹಾಗೆ ಹಾಡಿದಳು. ನನಗೆ ಹಾಡೋಕೆ ಬರಲ್ವಂತೆ! ಯಾರಿಗೆ ಕೊಟ್ಟಿರಬಹುದು ನನ್ನ ಹಾಡನ್ನ...?

ಒಂದು ಬೆಳಿಗ್ಗೆ ಬ್ರೇಕ್ ಎಂದು ಕೂಗಲು ಬಾಯಿ ತೆರೆದಳು. ಬರೀ ಗಾಳಿ ಬಂತು.

ಗಂಟಲಿನ ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿ ಮುಖ ಗಂಟಿಕ್ಕಿದರು. “ಸಣ್ಣ ಗಂಟಾಗಿದೆ. ಸುಮ್ಮನಿದ್ರೆ ತಾನೇ ಕರಗುತ್ತೆ. ಇಷ್ಟು ದಿನ ನಿಮ್ಮನ್ನ ಯಾರೂ ತಡೀಲಿಲ್ವಾ?”



ತಡೆದಿದ್ದ. ಒಬ್ಬ ತಡೆದಿದ್ದ...

ಮನೆಗೆ ಬಂದವಳಿಗೆ ಚಿಕ್ಕಮ್ಮ ಬಿಸಿನೀರು ಕೊಟ್ಟು ಎದುರಿಗೆ ಕೂತರು. “ಈಗ ನಿನಗೆ ತಿರುಗಿ ಮಾತಾಡೋಕೆ ಆಗಲ್ಲ. ಇದೇ ಒಳ್ಳೇ ಸಮಯ, ಕೇಳು. ನಿನ್ನ ಹಾಡನ್ನ ಅವನು ಯಾರಿಗೂ ಕೊಟ್ಟಿಲ್ಲ ಕಣೇ. ಕಮಿಟಿಯವರು ಪಾದ್ರಿಗಳ ಮಗಳಿಗೆ ಕೊಡಿ ಅಂತ ಬೆನ್ನು ಬಿದ್ರು. ಒಪ್ಪಲಿಲ್ಲ. ಕೊನೇ ಹಾಡು ಬಂದಾಗ ಅವನು ಪಿಯಾನೋ ಒಂದನ್ನೇ ನುಡಿಸ್ತಾನೆ. ನಾವೆಲ್ಲ ಬಾಯಿ ಮುಚ್ಕೊಂಡು ನಿಲ್ತೀವಿ. ನಾನೂ ಸೇರಿ! ಯೋಚನೆ ಮಾಡು.”

ಮರುದಿನ ಸಂಜೆ ಅವಳು ಹಾಲ್‌ಗೆ ಹೋದಳು. ನೇರ ನಡೆದು ಮುಂದಿನ ಬೆಂಚಿನ ನಟ್ಟನಡುವೆ ಕೂತಳು. ಅವನ ಬೆರಳು ಒಂದು ಕ್ಷಣ ತಡವರಿಸಿತು, ಆಮೇಲೆ ಹಾಡು ಶುರುವಾಯಿತು.

ತನ್ನ ಹಾಡುಗಳನ್ನು ಅವಳು ಇಷ್ಟು ದಿನ ಸಾಲಿನ ಒಳಗೆ ನಿಂತು ಕೇಳಿದ್ದಳು, ಅಕ್ಕಪಕ್ಕದವರ ಉಸಿರಿನ ನಡುವೆ. ಈಗ ಅವು ಇಡಿಯಾಗಿ ಎದುರಿನಿಂದ ಬಂದವು. ಕದಿಯಬೇಡ ಎನ್ನುವ ಹಾಡಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಬಡಗಿಯ ಕಣ್ಣು ತುಂಬಿತ್ತು. ತಂದೆತಾಯಿಯರನ್ನು ಗೌರವಿಸು ಎನ್ನುವ ಹಾಡಿಗೆ ಚಿಕ್ಕಮ್ಮ ಅವಳನ್ನೇ ನೋಡುತ್ತ ಹಾಡಿದರು.

ಇದನ್ನ ನಾನು ಬರೆದೆ... ನಾನೇ!

ಬೆನ್ನು ತಾನಾಗಿಯೇ ನೆಟ್ಟಗಾಯಿತು. ಯಾರಾದರೂ ಹೊಗಳಲಿ ಎಂದು ಅವಳಿಗೆ ಅನಿಸಲಿಲ್ಲ. ಕಿವಿಗೆ ಬಿದ್ದದ್ದೇ ಸಾಕಾಗಿತ್ತು.

ಎಲ್ಲರೂ ಹೋದ ಮೇಲೆ ಅವಳು ಪಿಯಾನೋ ಹತ್ತಿರ ಹೋಗಿ, ಅಷ್ಟಿಷ್ಟು ಮರಳಿದ್ದ ದನಿಯಲ್ಲಿ ಮೆಲ್ಲಗೆ ಕೇಳಿದಳು. “ಆ ಬೆಂಚಿನ ಅರ್ಥ ಗೊತ್ತಾ ನಿಮಗೆ?”

“ಈಗ ಗೊತ್ತು. ನಿಮ್ಮ ಚಿಕ್ಕಮ್ಮ ಚೆನ್ನಾಗಿ ಉಗಿದ್ರು. ನಮ್ಮ ಹಳೇ ತಂಡದಲ್ಲಿ ಹಾಡು ಬರೆದವರನ್ನ ಮುಂದೆ ಕೂರಿಸಿ ಕೇಳಿಸ್ತಿದ್ರು. ಅದು ಮರ್ಯಾದೆಯ ಜಾಗ.”

“ಮತ್ತೆ ಕಾರಣ ಯಾಕೆ ಹೇಳ್ಲಿಲ್ಲ?”

“ನಿಮ್ಮ ಸ್ವರದ ಕೆಳಗೆ ಇನ್ನೊಂದು ಒರಟು ಸ್ವರ ಕೇಳ್ತಿತ್ತು. ಎಲ್ಲರೆದುರು ಗಂಟಲು ಕೆಟ್ಟಿದೆ ಅಂದಿದ್ರೆ, ಅವತ್ತೇ ಹಾಡು ಬೇರೆಯವರ ಪಾಲಾಗ್ತಿತ್ತು. ನೀವು ಬ್ರೇಕ್ ಒತ್ತುವಾಗ ಕಾರಣ ಹೇಳ್ತೀರಾ?”

“ಇಲ್ಲ. ಆದ್ರೆ ಒತ್ತೋಕೆ ಮುಂಚೆಯಿಂದ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ!”

ಅವಳು ಬಿಡಲಿಲ್ಲ.

“ಆ ಹತ್ತು ಆಜ್ಞೆ ‘ಬೇಡ’ದಿಂದ ಶುರುವಾಗಲ್ಲ ಮಾಸ್ಟರೇ. ನಾನು ನಿನಗೆ ಯಾರು, ನಿನ್ನನ್ನ ಯಾವ ಸಂಕಟದಿಂದ ಬಿಡಿಸ್ಕೊಂಡು ಬಂದೆ... ದೇವರು ಮೊದಲು ಅದನ್ನ ಹೇಳ್ತಾನೆ. ಆಜ್ಞೆ ಆಮೇಲೆ. ನೀವು ಮೊದಲ ವಾಕ್ಯ ನುಂಗಿಬಿಟ್ಟು ನೇರ ಆಜ್ಞೆಗೆ ಬಂದ್ರಿ. ಕೇಳಿದವಳಿಗೆ ಪ್ರೀತಿ ಅಂತ ಹೇಗೆ ಗೊತ್ತಾಗಬೇಕು?”

ಪ್ರೀತಿ! ಆ ಮಾತು ತನ್ನ ಬಾಯಿಂದಲೇ ಹೊರಬಿತ್ತೆಂದು ಗೊತ್ತಾಗಿ ಅವಳ ಕಿವಿ ಬಿಸಿಯಾಯಿತು.

ಅವನು ಪಿಯಾನೋ ಮುಚ್ಚಿ ಎದ್ದು ನಿಂತ. ಗೋಡೆಯತ್ತ ಕಾರು ನುಗ್ಗಿಸಿದಾಗಲೂ ಬೆವರದವನ ಹಣೆ ಈಗ ಒದ್ದೆಯಾಗಿತ್ತು.

“ಹಾಗಾದ್ರೆ ಮೊದಲಿಂದ ಹೇಳ್ತೀನಿ. ನಾನು... ನಿಮ್ಮವನು. ನಿಮಗೆ ಬೇಕು ಅನಿಸಿದ್ರೆ, ಜೀವನಪೂರ್ತಿ. ಉತ್ತರ?”

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. “ಮಾತು ಉಳಿಸಿ ಅಂದಿದ್ದಾರೆ ಡಾಕ್ಟರು. ಹಾಡಿದ ಮೇಲೆ ಹೇಳ್ತೀನಿ.”

ಅವಳು ಸುಮ್ಮನಿದ್ದಳು, ನಿಜವಾಗಿಯೂ ಸುಮ್ಮನಿದ್ದಳು. ಚಿಕ್ಕಮ್ಮನಿಗೆ ಅದು ಪವಾಡದ ಹಾಗೆ ಕಂಡಿತು. ಪ್ರದರ್ಶನದ ಹಿಂದಿನ ವಾರ ಡಾಕ್ಟರಮ್ಮ ಟಾರ್ಚ್ ಆರಿಸಿ, ಒಂದು ಹಾಡಿಗೆ ಅಡ್ಡಿಯಿಲ್ಲ ಎಂದರು.

ಪ್ರದರ್ಶನದ ಸಂಜೆ ಹಾಲ್ ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಅವಳು ಸಾಲಿನಿಂದ ಮುಂದೆ ಬಂದು ನಿಂತಳು. ಮೊದಲಿನ ಅಬ್ಬರ ಈಗ ಅವಳ ಸ್ವರದಲ್ಲಿರಲಿಲ್ಲ. ಕೂಗದೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹಾಡಿದಳು. ಕೊನೆಯ ಸಾಲು ಮುಗಿದಾಗ ಚಪ್ಪಾಳೆಗೆ ಮುಂಚೆ ಒಂದು ದೊಡ್ಡ ಮೌನವಿತ್ತು. ಆ ಮೌನವೂ ತನ್ನದೇ ಎಂದು ಅವಳಿಗೆ ಹೆಮ್ಮೆಯಾಯಿತು.

ಪರದೆಯ ಹಿಂದೆ ಅವನು ನೀರಿನ ಲೋಟ ಹಿಡಿದು ನಿಂತಿದ್ದ. ಕಣ್ಣು ಕೆಂಪಾಗಿತ್ತು.

“ನಾಳೆಯಿಂದ ಮತ್ತೆ ಸ್ವಲ್ಪ ದಿನ ಸುಮ್ಮನಿರಬೇಕು ನೀವು. ಮಾತೂ ಬೇಡ.”

“ನೀವು ಅಲ್ಲ. ನೀನು ಅನ್ನು.”

ಅವನು ನಕ್ಕ. “ನೀನು... ಸುಮ್ಮನಿರಬೇಕು.”

“ಒಂದೇ ಒಂದು ಮಾತು ಹೇಳಿ ಸುಮ್ಮನಾಗ್ಲಾ?”

“ಒಂದೇ.”

ಅವಳು ಅವನ ಕಿವಿಯ ಹತ್ತಿರ ಬಾಗಿದಳು.

“ಹೂಂ.”