ಸಾಕು ಎಂದರೆ ಕೇಳದ ಊರು

ಬಲು ಹಿಂದೆ, ಕಡಲು ದಾಟಿದವರಿಗೆ ಕಂಡವರ ಮಾತೆಲ್ಲ ತಾನಾಗಿ ತಿಳಿಯುತ್ತಿದ್ದ ಕಾಲದಲ್ಲಿ, ಹೊನ್ನಾರು ಎಂಬ ರಾಜ್ಯವಿತ್ತು. ಅಲ್ಲಿ ದೇಮಕ್ಕ ಎಂಬ ಮೆಣಸಿನ ವ್ಯಾಪಾರದ ಹೆಂಗಸಿದ್ದಳು. ಅವಳಿಗೆ ಕೇತಯ್ಯ ಒಬ್ಬನೇ ತಮ್ಮ. ಮೆಣಸು ತುಂಬಿಕೊಂಡು ಮೂಡಣದ ಜಪಾನ್ ದ್ವೀಪಗಳಿಗೆ ಹೋದವನು ಮರಳಿ ಬರಲಿಲ್ಲ. ಅವನ ಅಂಬಿಗ ಮಾತ್ರ ಬಂದ.

"ಎಲ್ಲಯ್ಯಾ ನನ್ನ ತಮ್ಮ?"

"ಅಕ್ಕಾವ್ರೇ, ಅವರು ಗೊಂಬೆಯಾಗಿದ್ದಾರೆ."

"ಏನಾಗಿದ್ದಾನೆ?"

"ಮಣ್ಣಿನ ಗೊಂಬೆ. ಇಷ್ಟು ದಪ್ಪ ಹೊಟ್ಟೆ. ನಾಯಿಯೂ ಅಲ್ಲ, ನರಿಯೂ ಅಲ್ಲ. ಅಲ್ಲಿಯವರು ತನುಕಿ ಅಂತಾರೆ."

ಅಂಬಿಗ ಹೇಳುತ್ತ ಹೋದ. ಉತ್ತರದ ಮೊರಿಯೊಕದಲ್ಲಿ ಒತಾಮ ಎಂಬ ಮಾಯಗಾತಿ ಊಟದ ಮನೆ ಇಟ್ಟಿದ್ದಾಳೆ. ಕೇತಯ್ಯ ಅಲ್ಲಿ ಉಣ್ಣುತ್ತ, ಬೆವರು ಒರೆಸಿಕೊಳ್ಳಲೆಂದು ಉಣ್ಣಲು ಕೊಟ್ಟಿದ್ದ ಎರಡು ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಟ್ಟ.

"ಅಷ್ಟೇನಾ?"

"ಅಷ್ಟೇ. ಆ ದೇಶದಲ್ಲಿ ಸತ್ತವರಿಗೆ ಎಡೆ ಇಡುವಾಗ ಮಾತ್ರ ಹಾಗೆ ಚುಚ್ಚುತ್ತಾರಂತೆ."

"ಅಯ್ಯೋ ಪೆದ್ದೇ," ಎಂದಳು ದೇಮಕ್ಕ, ಎದುರಿಗಿಲ್ಲದ ತಮ್ಮನಿಗೆ. "ಪಕ್ಕದ ಎಲೆ ನೋಡಿಕೊಂಡು ಉಣ್ಣೋಕೆ ಏನಾಗಿತ್ತೋ ನಿನಗೆ!" ಮರುದಿನವೇ ಹಡಗು ಹತ್ತಿದಳು.

ಮೊರಿಯೊಕ ಸೇರಬೇಕಾದರೆ ಎರಡು ಹೆಬ್ಬಾಗಿಲು ದಾಟಬೇಕು. ಎರಡು ಕಡೆಯೂ ಉಣ್ಣಬೇಕು. ತಪ್ಪಿ ಉಂಡವರು ಒತಾಮಳ ಮಂತ್ರದಿಂದ ಮಣ್ಣಾಗುತ್ತಿದ್ದರು.

ಮೊದಲ ಬಾಗಿಲು ತೆಂಕಣದ ಹಕಾತ. ಅಲ್ಲಿ ಒಂಟಿ ಕೊಂಬಿನ ರಕ್ಕಸನೊಬ್ಬ ಹಂದಿಮೂಳೆ ಕುದಿಸಿದ ಬಿಳಿ ಸಾರಿನಲ್ಲಿ ಶಾವಿಗೆ ಮುಳುಗಿಸಿ ಅವಳ ಮುಂದಿಟ್ಟ. ದೇಮಕ್ಕ ಸದ್ದಿಲ್ಲದೆ, ತುಟಿ ಮುಚ್ಚಿ, ನಾಜೂಕಾಗಿ ಉಂಡಳು. ರಕ್ಕಸನ ಕಣ್ಣು ಕೆಂಪಾಯಿತು.

"ಏನೇ, ನನ್ನ ಅಡುಗೆ ಅಷ್ಟು ಕೆಟ್ಟದಾಗಿದೆಯಾ?"

ಅವಳ ಕಾಲ್ಬೆರಳು ತಣ್ಣಗಾದವು. ಬಗ್ಗಿ ನೋಡಿದರೆ ಹತ್ತೂ ಮಣ್ಣು! ಪಕ್ಕದಲ್ಲಿ ಮುದುಕನೊಬ್ಬ ಬಚ್ಚಲ ನೀರು ಹರಿದಂತೆ ಸೊರ್ರ್ ಸೊರ್ರ್ ಎಂದು ಹೀರುತ್ತಿದ್ದ. ರಕ್ಕಸ ಅವನನ್ನು ಹಡೆದ ಮಗನಂತೆ ನೋಡುತ್ತಿದ್ದ. ಇದೇ ಸದ್ದನ್ನು ಹೊನ್ನಾರಿನಲ್ಲಿ ಮಾಡಿದ್ದರೆ ಅಜ್ಜಿ ಸೌಟಿನಲ್ಲಿ ಕುಟ್ಟುತ್ತಿದ್ದಳು. ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದು ದೇಮಕ್ಕ ಹೀರಿದಳು. ಸೊರ್ರ್ರ್! ರಕ್ಕಸ ನಕ್ಕ. ಬೆರಳುಗಳು ಬೆಚ್ಚಗಾದವು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲು ಒಸಾಕ. ಅಲ್ಲಿ ಕಡಲ ಅಷ್ಟಪದಿಯೊಂದು ಎಂಟು ಕೈಗಳಲ್ಲಿ ಎಂಟು ಕಡ್ಡಿ ಹಿಡಿದು, ಮಾಂಸ ತರಕಾರಿ ಚುಚ್ಚಿ ಎಣ್ಣೆಯಲ್ಲಿ ಕರಿಯುತ್ತಿತ್ತು. ಅದ್ದಿಕೊಳ್ಳಲು ಎಲ್ಲರಿಗೂ ಸೇರಿ ಒಂದೇ ಗಡಿಗೆ ಕಪ್ಪು ಗೊಜ್ಜು. ಪಕ್ಕದ ಪರದೇಶಿ ವ್ಯಾಪಾರಿ ಒಮ್ಮೆ ಅದ್ದಿ ಕಚ್ಚಿದ. ಕಚ್ಚಿದ್ದನ್ನೇ ಮತ್ತೆ ಗಡಿಗೆಗೆ ಒಯ್ದ.

"ಥೂ, ಎಂಜಲು!" ದೇಮಕ್ಕ ಕಿರುಚಿದಳು.

ಅಷ್ಟರಲ್ಲಿ ಅವನು ಅದ್ದಿಯಾಗಿತ್ತು. ಠಣ್ ಎಂದು ಸದ್ದಾಯಿತು. ಪೀಠದ ಮೇಲೆ ಅವನಿರಲಿಲ್ಲ, ಡೊಳ್ಳುಹೊಟ್ಟೆಯ ಗೊಂಬೆಯಿತ್ತು.

"ಏನಂದೆ ನೀನು?" ಎಂದಿತು ಅಷ್ಟಪದಿ. ಅದಕ್ಕೂ ಆಶ್ಚರ್ಯ. "ಇದನ್ನು ಬೈಯೋಕೆ ನಿಮ್ಮಲ್ಲಿ ಒಂದೇ ಪದ ಸಾಕಾ? ಕಚ್ಚಿದ್ದನ್ನು ಮತ್ತೆ ಅದ್ದಬೇಡಿ ಅಂತ ನಾನು ದಿನಕ್ಕೆ ನೂರು ಸಲ ಉದ್ದುದ್ದ ಹೇಳಿ ಸಾಯ್ತೀನಲ್ಲೇ! ಇನ್ನೂ ಬೇಕೆಂದರೆ ಎಲೆಕೋಸಿನ ಎಲೆಯಲ್ಲಿ ಗೊಜ್ಜು ಎತ್ತಿ ಸುರಿದುಕೊಳ್ಳಿ ಅಂತ ಎಲೆಯನ್ನೂ ಇಟ್ಟಿದ್ದೀನಿ. ಕೇಳೋರು ಯಾರು?"

ದೇಮಕ್ಕ ಒಂದೇ ಸಲ ಅದ್ದಿ ತಿಂದಳು. ಬಾಗಿಲು ತೆರೆಯಿತು.

ಕೊನೆಗೆ ಮೊರಿಯೊಕ. ಒತಾಮಳ ಊಟದ ಮನೆಯ ಗೋಡೆಗೆ ಸಾಲಾಗಿ ಇಪ್ಪತ್ತೊಂದು ಗೊಂಬೆಗಳು. ಕೊನೆಯದಕ್ಕೆ ಕೇತಯ್ಯನದೇ ಮೊಂಡು ಮೂಗು. ದೇಮಕ್ಕನ ಕಣ್ಣು ಮಂಜಾಯಿತು.

ಒತಾಮ ಬಂದಳು. ಮೈಯೆಲ್ಲ ಹೆಣ್ಣು, ಹಿಂದೆ ನರಿಯ ಬಾಲ. "ಕೂತ್ಕೋ. ಬಟ್ಟಲು ಬರಿದು ಮಾಡಿ ನೀನೇ ಮುಚ್ಚಳ ಹಾಕಿದರೆ ಏನಾದರೂ ಕೇಳಬಹುದು. ಹಾಕೋ ಮುಂಚೆ ಸೋತರೆ ನೀನು ಇಪ್ಪತ್ತೆರಡನೆಯವಳು."

ಬಟ್ಟಲಲ್ಲಿ ಒಂದೇ ತುತ್ತು ಸೋಬಾ, ಕಂದು ಬಣ್ಣದ ಶಾವಿಗೆ. ಇಷ್ಟೇನಾ ಎಂದುಕೊಂಡಳು ದೇಮಕ್ಕ. ನುಂಗುವಷ್ಟರಲ್ಲಿ "ಹೈ, ದೊನ್ ದೊನ್!" ಎಂದು, ನಡೀಲಿ ನಡೀಲಿ ಎನ್ನುವಂತೆ, ಒತಾಮಳ ಕೈಯಿಂದ ಇನ್ನೊಂದು ತುತ್ತು ಬಿತ್ತು. ನುಂಗಿದಳು. ಮತ್ತೊಂದು ಬಿತ್ತು.

"ಸಾಕು ತಾಯಿ," ಎಂದಳು. ಬಿತ್ತು. "ಸಾಕು, ಸಾಕು!" ಎಂದು ಎರಡೂ ಅಂಗೈ ಅಡ್ಡ ಹಿಡಿದಳು. ಬೆರಳ ಸಂದಿಯಲ್ಲೇ ಬಿತ್ತು! ಮುಚ್ಚಳಕ್ಕೆ ಕೈ ಚಾಚಿದರೆ, ಕೈ ತಲುಪುವ ಮೊದಲೇ ಬಟ್ಟಲು ತುಂಬಿರುತ್ತಿತ್ತು. ನೂರಾ ಆರನೆಯ ತುತ್ತಿಗೆ ಅವಳು ಮೊಣಕಾಲವರೆಗೆ ಮಣ್ಣಾಗಿದ್ದಳು.

ಏದುಸಿರು ಬಿಡುತ್ತ ತಲೆಯೆತ್ತಿದಳು. ಬಡಿಸುತ್ತಿದ್ದವಳ ಕೈ ಕಡ್ಡಿಯಂತೆ ಸಣಕಲು, ಕೆನ್ನೆ ಗುಳಿಬಿದ್ದಿತ್ತು. ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ನಿಮ್ಮ ಊಟ ಆಯ್ತಾ ತಾಯಿ?"

ಒತಾಮಳ ಕೈ ಗಾಳಿಯಲ್ಲೇ ನಿಂತಿತು. ಬಾಲ ನೆಟ್ಟಗಾಯಿತು. "ಏನು?"

"ಉಂಡಿರಾ ಅಂದೆ." ದೇಮಕ್ಕ ಬಟ್ಟಲಲ್ಲಿದ್ದುದನ್ನು ನುಂಗಿ ಟಕ್ಕನೆ ಮುಚ್ಚಳ ಹಾಕಿದಳು. ಕಾಲಿನ ಮಣ್ಣು ಉದುರಿತು. "ಈಗ ಕೇಳ್ತೀನಿ. ನನ್ನ ತಮ್ಮನನ್ನು ಕೊಡಿ."

"ಕೊಡೋಕೆ ನನಗೆ ಬರೋಲ್ಲ." ಮಾಯಗಾತಿ ತಲೆ ತಗ್ಗಿಸಿದಳು. "ಮಣ್ಣು ಮಾಡೋ ಮಂತ್ರ ಕಲಿತೆ, ಬಿಡಿಸೋದು ಕಲೀಲಿಲ್ಲ. ಮುನ್ನೂರು ವರ್ಷ ಬಡಿಸಿದೆ. ಬಂದವರೆಲ್ಲ ಉಂಡರು, ಹೀಗಳೆದರು. ನೀನು ಉಂಡೆಯಾ ಅಂತ ಒಬ್ಬರೂ ಕೇಳಲಿಲ್ಲ."

ದೇಮಕ್ಕನಿಗೆ ಅಳು, ಸಿಟ್ಟು ಎರಡೂ ಬಂದವು. ಹಸಿದವಳೊಡನೆ ಜಗಳ ಆಡುವುದು ಹೇಗೆ? "ಮೊದಲು ಕೂತ್ಕೊಳ್ಳಿ," ಎಂದು ಒಂದು ತುತ್ತು ಬಡಿಸಿದಳು. ಒತಾಮ ನುಂಗಿದಳು. ಚಟ್! ಮೊದಲ ಗೊಂಬೆ ಒಡೆದು, ಒಳಗಿಂದ ನೇಕಾರನೊಬ್ಬ ಸೀನುತ್ತ ಹೊರಬಂದ.

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಒಂದು ತುತ್ತಿಗೆ ಒಬ್ಬ! ದೇಮಕ್ಕ ಬಡಿಸಿದಳು, ಬಡಿಸಿದಳು, ಬಡಿಸಿದಳು. ಇಪ್ಪತ್ತು ಜನ ಎದ್ದರು. ಮುನ್ನೂರು ವರ್ಷ ಒಣಗಿದ್ದ ಹೊಟ್ಟೆ ಬಿರಿಯುವಂತಾಗಿ ಒತಾಮ ಸಾಕೆಂದು ಮುಚ್ಚಳಕ್ಕೆ ಕೈ ಹಾಕಿದಳು.

"ಅಯ್ಯೋ, ಇದೊಂದು! ನನ್ನಾಣೆ! ಇದು ನನ್ನ ತಮ್ಮನ ತುತ್ತು!"

"ಸಾಕು ಅಂದೆನಲ್ಲಮ್ಮಾ!"

"ನಮ್ಮಲ್ಲಿ ಸಾಕು ಅಂದರೆ ಇನ್ನೂ ಸ್ವಲ್ಪ ಹಾಕಿ ಅಂತ ಅರ್ಥ!" ಎಂದು ದೇಮಕ್ಕ ಸುರಿದೇಬಿಟ್ಟಳು.

ಒತಾಮ ಬೆಚ್ಚಿಬಿದ್ದಳು, ನಕ್ಕಳು, ನುಂಗಿದಳು. ಚಟ್!

ಕೇತಯ್ಯ ಮೈಯ ಮಣ್ಣು ಕೊಡವಿಕೊಂಡು ಎದ್ದು, "ಅಕ್ಕಾ, ನೀನ್ಯಾಕೆ ಇಷ್ಟು ದಪ್ಪ ಆಗಿದೀಯ?" ಎಂದ. ಅಕ್ಕ ಅವನ ಬೆನ್ನಿಗೊಂದು ಗುದ್ದಿ, ಆಮೇಲೆ ಅಪ್ಪಿಕೊಂಡು ಅತ್ತಳು.

ಒಸಾಕದ ವ್ಯಾಪಾರಿಯೂ ಹಾದಿಯಲ್ಲಿ ಸಿಕ್ಕ. ಒತಾಮಳ ಮಾಯೆ ಎಲ್ಲ ಕಡೆಯೂ ಬಿಟ್ಟುಹೋಗಿತ್ತು. ಅಕ್ಕ ತಮ್ಮ ಹೊನ್ನಾರು ಸೇರಿ ನೂರು ಕಾಲ ಬಾಳಿದರು. ಒತಾಮ ಮೊರಿಯೊಕದಲ್ಲಿ ಮೈಕೈ ತುಂಬಿಕೊಂಡು ಬಾಳಿದಳು. ಅಂದಿನಿಂದ ಅವಳ ಮನೆಯಲ್ಲಿ ಬಡಿಸುವವರು ಮೊದಲು ಉಣ್ಣುತ್ತಿದ್ದರು, ಬಾಗಿಲು ಆಮೇಲೆ ತೆರೆಯುತ್ತಿತ್ತು.