ಮೈಯೆತ್ತದ ದೋಣಿ

ನವೆಂಬರ್ 24ರ ಬೆಳಗ್ಗೆ 8:10ಕ್ಕೆ ಕುರೊಸೆ ದ್ವೀಪದ ಪೊಲೀಸ್ ಠಾಣೆಗೆ ತೊಕುಜಿ ಎಂಬ ಅರವತ್ತೊಂಬತ್ತರ ಮೀನುಗಾರ ಗಮ್‌ಬೂಟಿನಲ್ಲೇ ನುಗ್ಗಿದ. ಆಗಷ್ಟೇ ಒರೆಸಿದ ನೆಲ ಹಾಳಾಯಿತು. ಇನ್‌ಸ್ಪೆಕ್ಟರ್ ಮುರೊಟ ಚಹಾದ ಲೋಟ ಪಕ್ಕಕ್ಕಿಟ್ಟ.

"ನನ್ನ ದೋಣಿ ಏಳ್ತಾ ಇಲ್ಲ. ಬರ್ಕೊಳ್ಳಿ."

"ಮುಳುಗಿದೆಯಾ?"

"ಮುಳುಗಿದ್ರೆ ದೇವರ ಹತ್ರ ಹೋಗ್ತಿದ್ದೆ, ನಿಮ್ಮ ಹತ್ರ ಯಾಕೆ ಬರ್ಲಿ? ಮೊದಲು ಎಂಜಿನ್ ಏರಿಸಿದ್ರೆ ಮೈಯೆತ್ತಿ ನೀರು ಸವರ್ಕೊಂಡು ಹಾರೋದು. ಈಗ ಮೂಗು ಮೇಲೆ, ಅಂಡು ಕೆಳಗೆ, ಬರೀ ಕರೀ ಹೊಗೆ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು? ಇಸಾಮು. ಬೇರೆ ಯಾರು?"

ಇಸಾಮುವಿನ ಹೆಸರು ಬಂದದ್ದಕ್ಕೆ ಮುರೊಟನಿಗೆ ಆಶ್ಚರ್ಯವಾಗಲಿಲ್ಲ. ಡಿಸೆಂಬರ್ ಒಂದಕ್ಕೆ ಬುರಿ ಮೀನಿನ ಋತು ಶುರು. ಅಂದು ಏಳು ಗಂಟೆಗೆ ಮೀನುಗಾರರ ಸಂಘದವರು ಬಾವುಟ ಬೀಸಿದ ಕೂಡಲೇ ಅಷ್ಟೂ ದೋಣಿಗಳು ಬಂದರಿನ ಬಾಯಿಂದ ಹೊರಬಂಡೆಗೆ ಓಡುತ್ತವೆ. ಅಲ್ಲಿ ಮೊದಲು ಲಂಗರು ಹಾಕಿದವನಿಗೆ ಇಡೀ ಚಳಿಗಾಲ ಆ ಜಾಗ. ಹತ್ತೊಂಬತ್ತು ವರ್ಷದಿಂದ ಮೊದಲು ತಲುಪುತ್ತಿದ್ದವನು ತೊಕುಜಿ, ಎರಡನೆಯವನು ಇಸಾಮು. ತೊಕುಜಿಗೆ ಆ ಬಂಡೆ ಹೋದರೆ ಮಾನವೇ ಹೋದ ಹಾಗೆ.

"ಏಳು ದಿನದಲ್ಲಿ ಕಳ್ಳನ್ನ ಹಿಡೀರಿ. ಇಲ್ದಿದ್ರೆ ಅವನ ದೋಣಿಗೆ ನಾನೇ ತೂತು ಹೊಡೀತೀನಿ, ಆ ದೂರನ್ನೂ ನೀವೇ ಬರ್ಕೋಬೇಕಾಗುತ್ತೆ."

8:40ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ: ಉದ್ಯೋಗಕ್ಕೆ ಅಡ್ಡಿ.

ತನಿಖೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ದ್ವೀಪದಲ್ಲಿ ಡೀಸೆಲ್ ಎಂಜಿನ್ ಬಿಚ್ಚಬಲ್ಲವನು ಒಬ್ಬನೇ, ಅವನೇ ಇಸಾಮು. ಶಂಕಿತನನ್ನೇ ತಜ್ಞನೆಂದು ಕರೆಸುವುದು ಯಾವ ಕಾನೂನಿನಲ್ಲಿದೆಯೋ ಮುರೊಟನಿಗೆ ಗೊತ್ತಿರಲಿಲ್ಲ. ಆದರೂ ಕರೆಸಿದ.

25ರ ಬೆಳಗ್ಗೆ 9ಕ್ಕೆ ದೋಣಿಯನ್ನು ದಡಕ್ಕೆಳೆದರು. ಕಾನ್‌ಸ್ಟೇಬಲ್ ಇಗವ ಪಂಚನಾಮೆ ಬರೆಯಲು ಕೂತ. ಬೆಟ್ಟದ ಸೀಮೆಯ ಹುಡುಗ, ದೋಣಿಯ ರೀತಿನೀತಿ ಅವನಿಗೆ ಗೊತ್ತಿರಲಿಲ್ಲ.

"ತಳದಲ್ಲಿ ಚಿಪ್ಪು ಹತ್ತಿದ್ರೆ ದೋಣಿ ಏಳಲ್ಲ," ಎಂದ ಇಸಾಮು. ತಳ ಕನ್ನಡಿಯ ಹಾಗಿತ್ತು.

"ನೀರು ತಳ್ಳೋ ಪಂಖ ಸೊಟ್ಟಗಾಗಿದ್ರೂ ಏಳಲ್ಲ." ಪಂಖ ನೆಟ್ಟಗಿತ್ತು.

ಡೀಸೆಲ್ ಸೋಸುವ ಫಿಲ್ಟರ್ ಶುಭ್ರವಾಗಿತ್ತು. ಗಾಳಿಯ ಕೊಳವೆಯಲ್ಲಿ ಜೇಡರ ಬಲೆಯೂ ಇರಲಿಲ್ಲ. ದಡಕ್ಕೆಳೆಯುವ ಮೊದಲು ಓಡಿಸಿ ನೋಡಿದಾಗ ಮಾತ್ರ ಎಂಜಿನ್ ನಿಮಿಷಕ್ಕೆ 2800 ಸುತ್ತಬೇಕಾದದ್ದು 2300ಕ್ಕೇ ಉಸಿರು ಬಿಟ್ಟಿತ್ತು.

"ಇದು ಭಾರ ಹೊತ್ತವನ ಉಸಿರು ಸ್ವಾಮಿ," ಇಸಾಮು ಕೈ ಒರೆಸಿಕೊಂಡ. "ದೋಣಿ ತಾನೆಬ್ಬಿಸಿದ ಅಲೆಯನ್ನ ತಾನೇ ಹತ್ತಬೇಕು. ಹಿಂದೆ ಭಾರ ಇದ್ರೆ ಹತ್ತೋಕಾಗಲ್ಲ. ಈ ಮುದುಕ ಏನು ತುಂಬಿದಾನೋ ಕೇಳಿ."

"ನಿನ್ನ ತಲೇಲಿರೋ ಹುಲ್ಲು ತುಂಬಿದೀನಿ!" ಎಂದು ತೊಕುಜಿ ಎಗರಿದ.

ಎಲ್ಲ ಮುಚ್ಚಳ ತೆಗೆಸಿದರು. ಹಗ್ಗ, ಬುಟ್ಟಿ, ಒಂದು ಹಳೆಯ ಚಪ್ಪಲಿ. ಆಗ ಇಗವ ಹಿಂಬದಿಯಲ್ಲಿ ತೆರೆಯದೆ ಬಿಟ್ಟ ದೊಡ್ಡ ಮುಚ್ಚಳಕ್ಕೆ ಬೆರಳು ತೋರಿಸಿ, "ಅದರೊಳಗೇನಿದೆ?" ಎಂದ.

ತೊಕುಜಿಯೂ ಇಸಾಮುವೂ ಒಟ್ಟಿಗೇ ಬೈದರು. ಒಂದು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಅದು ದೋಣಿದೇವತೆಯ ಗೂಡು. ದೋಣಿ ಕಟ್ಟಿದಾಗ ಮಾಲೀಕನ ಹೆಂಡತಿಯ ಕೂದಲನ್ನೂ ಎರಡು ದಾಳಗಳನ್ನೂ ಅದರಲ್ಲಿಟ್ಟು ಮುಚ್ಚುತ್ತಾರೆ. ತಿಂಗಳ ಮೊದಲ ದಿನ ಹೆಂಡತಿಯೊಬ್ಬಳೇ ತೆರೆದು ಅನ್ನ, ಸಾಕೆ ಎಂಬ ಅಕ್ಕಿಯ ಹೆಂಡ ಇಡುತ್ತಾಳೆ. ಗಂಡಸರು ಮುಟ್ಟಿದರೆ ಮೀನು ಮುನಿಯುತ್ತದೆ. ಮುರೊಟನೂ ಇದೇ ದ್ವೀಪದವನು. ಆ ಮುಚ್ಚಳ ಅವನ ಕಣ್ಣಿಗೆ ಮುಚ್ಚಳವಾಗಿ ಕಂಡೇ ಇರಲಿಲ್ಲ. ಪಂಚನಾಮೆಯಲ್ಲಿ "ಎಲ್ಲ ಮುಚ್ಚಳಗಳನ್ನೂ ಪರಿಶೀಲಿಸಲಾಯಿತು" ಎಂದು ಬರೆಸಿದ.

26ರ ಮಧ್ಯಾಹ್ನ 3ಕ್ಕೆ ಮುರೊಟ ತೊಕುಜಿಯ ಮನೆಗೆ ಹೋಗಿ ದೋಣಿಯ ದಿನಚರಿ ಪುಸ್ತಕ ಕೇಳಿದ. ಹೆಂಡತಿ ಫುಸಾಎ ಚಹಾ ಕೊಟ್ಟಳು, ಜೊತೆಗೆ ಮೂಲಂಗಿ ಉಪ್ಪಿನಕಾಯಿ. ದ್ವೀಪಕ್ಕೆಲ್ಲ ಹೆಸರಾದ ಉಪ್ಪಿನಕಾಯಿ ಅದು. ಮುರೊಟ ಕಚ್ಚಿದ. ಕರುಮ್ ಎನ್ನಲಿಲ್ಲ, ಒದ್ದೆ ಬಟ್ಟೆಯ ಹಾಗಿತ್ತು.

ಪುಸ್ತಕ ತೆರೆದ. ಏಪ್ರಿಲ್ 2: ಸ್ವಲ್ಪ ನಿಧಾನ. ಜೂನ್ 2: ಇನ್ನೂ ನಿಧಾನ. ಆಗಸ್ಟ್ 2: ಏಳಲು ಬಹಳ ಹೊತ್ತು. ನವೆಂಬರ್ 2: ಏಳಲೇ ಇಲ್ಲ. ಎಲ್ಲವೂ ಎರಡನೇ ತಾರೀಖು. ಒಂದನೇ ತಾರೀಖು ದೋಣಿಗೆ ಹೋಗುವವರು ಯಾರು?

ಮುರೊಟ ತಲೆಯೆತ್ತಿದ. ಜಗುಲಿಯ ಮೂಲೆಯಲ್ಲಿ ಉಪ್ಪಿನಕಾಯಿಯ ಪೀಪಾಯಿಗಳಿದ್ದವು. ಒಂದರ ಮೇಲೆ ಹೊಲಿಗೆ ಯಂತ್ರ, ಇನ್ನೊಂದರ ಮೇಲೆ ಕೆಟ್ಟುಹೋದ ಟಿವಿ.

"ಮೂಲಂಗಿ ನೀರು ಹಿಂಡೋಕೆ ಪೀಪಾಯಿ ಮೇಲೆ ಹೇರೋ ಕಲ್ಲುಗಳೆಲ್ಲಿ, ಅಮ್ಮಾ?"

ಫುಸಾಎ ಚಹಾ ಬಗ್ಗಿಸುತ್ತಲೇ ಇದ್ದಳು. ಲೋಟ ತುಂಬಿ ಚೆಲ್ಲಿತು.

"ನೀನು ತಿಂಡಿಪೋತ ಅಂತ ನಿಮ್ಮಮ್ಮ ಹೇಳ್ತಿದ್ಳು. ಉಪ್ಪಿನಕಾಯಿ ಕೊಡಬಾರದಿತ್ತು ನಿಂಗೆ."

ಸಂಜೆ 4:20ಕ್ಕೆ ಪಂಚರ ಎದುರು ಫುಸಾಎ ತಾನೇ ದೇವತೆಗೆ ಕೈಮುಗಿದು ಗೂಡಿನ ಮುಚ್ಚಳ ತೆಗೆದಳು. ಒಳಗೆ ಎಂಟು ಕಲ್ಲು, ಒಂದೊಂದೂ ಇಪ್ಪತ್ತು ಕಿಲೋ. ತಿಂಗಳಿಗೊಂದರಂತೆ ಅನ್ನದ ಗಂಟಿನ ಕೆಳಗಿಟ್ಟುಕೊಂಡು ಬೆನ್ನ ಮೇಲೆ ಹೊತ್ತು ತಂದಿದ್ದಳು. ಮುರೊಟ ಕಾನೂನಿನ ಪ್ರಕಾರ ಅವಳನ್ನು ಬಂಧಿಸಿದ. ಜೀಪಿನ ಹಿಂದಿನ ಸೀಟಿನಲ್ಲಿ ಸಾಕ್ಷ್ಯದ ಕಲ್ಲುಗಳಿದ್ದುದರಿಂದ ಆರೋಪಿಯನ್ನು ಮುಂದೆ ಕೂರಿಸಬೇಕಾಯಿತು. ಇಗವ ಕಲ್ಲುಗಳ ಜೊತೆ ಕೂತ. ಜೀಪು ಮೂಗೆತ್ತಿಕೊಂಡೇ ಠಾಣೆ ತಲುಪಿತು.

ತೊಕುಜಿ ಹಿಂದೆಯೇ ಓಡಿಬಂದ. "ನಲವತ್ತೈದು ವರ್ಷ ಒಟ್ಟಿಗೆ ಉಂಡು ಹೀಗಾ ಮಾಡೋದು? ಇಸಾಮುಗೆ ಎಷ್ಟಕ್ಕೆ ಮಾರ್ಕೊಂಡೆ ನನ್ನ?"

"ಸುಮ್ನಿರ್ರೀ. ಹೋದ ವರ್ಷ ಮೈಯೆಲ್ಲ ಒದ್ದೆ ಮಾಡ್ಕೊಂಡು ಬಂದು ಏನಂದ್ರಿ?"

"ಅಲೆ ಎರಚ್ತು ಅಂದೆ."

"ಗುಡ್ಡದ ಮೇಲಿದ್ದೆ ನಾನು. ನಿಮ್ಮ ದೋಣಿ ಒಂದೇ ಕಡೆ ಗಿರಗಿರ ಸುತ್ತುತ್ತಾ ಇತ್ತು. ಒಳಗೆ ಯಾರೂ ಇರ್ಲಿಲ್ಲ. ಹನ್ನೊಂದು ನಿಮಿಷ ನೀವು ನೀರಲ್ಲಿದ್ರಿ."

ತೊಕುಜಿ ಕುರ್ಚಿ ಹುಡುಕಿ ಕೂತ.

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ, ಅಮ್ಮಾ?" ಮುರೊಟ ಮೆಲ್ಲಗೆ ಕೇಳಿದ.

"ನಿಧಾನಕ್ಕೆ ಹೋಗಿ ಅಂತ ನಲವತ್ತೈದು ವರ್ಷದಿಂದ ಹೇಳ್ತಾನೇ ಇದೀನಿ. ಇವರು ಕೇಳ್ಲಿಲ್ಲ. ಕೊನೆಗೆ ಕಲ್ಲಿಗೆ ಹೇಳ್ದೆ, ಅದು ಕೇಳ್ತು."

ಇಗವನಿಗೆ ನಗು ಬಂತು. ತೊಕುಜಿ ದೂರು ಹಿಂದಕ್ಕೆ ಪಡೆದ. ಸಂಜೆ 6:05ಕ್ಕೆ ಆರೋಪಿಯನ್ನು ಬಿಟ್ಟು ಕಳಿಸಿದರು. ವರದಿಯಲ್ಲಿ ಅಪರಾಧದ ಪ್ರೇರಣೆ ಎಂಬ ಖಾನೆಯಲ್ಲಿ ಮುರೊಟ ಬಹಳ ಹೊತ್ತು ಯೋಚಿಸಿ ಬರೆದ: "ಗಂಡ ತಡವಾಗಿಯಾದರೂ ಮನೆಗೆ ಬರಲಿ ಎಂಬುದು."

ಡಿಸೆಂಬರ್ 1ರಂದು ಬೆಳಗ್ಗೆ ಏಳಕ್ಕೆ ಬಾವುಟ ಬೀಸಿದರು. ಹಗುರಾದ ತೊಕುಜಿಯ ದೋಣಿ ಎಲ್ಲರಿಗಿಂತ ಮೊದಲು ಮೈಯೆತ್ತಿತು. ಬಂದರಿನ ಅಲೆತಡೆ ಗೋಡೆ ದಾಟಿ ದೊಡ್ಡ ಅಲೆಗಳು ಶುರುವಾಗುವಲ್ಲಿ ಅದರ ಸದ್ದು ಇಳಿಯಿತು, ದೋಣಿ ನೀರಿಗೆ ಕೂತಿತು. ಇಸಾಮು ದಾಟಿಹೋದ, ಇನ್ನಿಬ್ಬರೂ ದಾಟಿದರು. ತೊಕುಜಿ ನಾಲ್ಕನೆಯವನಾಗಿ ಬಂಡೆ ಮುಟ್ಟಿದ.

ಮಧ್ಯಾಹ್ನ ಬಂದರಿನಲ್ಲಿ, ಎಲ್ಲರಿಗೂ ಕೇಳುವಂತೆ ತೊಕುಜಿ ಕೂಗಾಡಿದ. "ಎಂಜಿನ್ ಇನ್ನೂ ಸರಿ ಇಲ್ಲ! ಬಿಚ್ಚಿ ನೋಡಿದವನಿಗೆ ಕೆಲಸ ಬರಲ್ಲ!"

ಇಸಾಮು ಉತ್ತರ ಕೊಡಲು ಬಾಯಿ ತೆರೆದ. ಗುಡ್ಡದಿಂದ ಇಳಿದು ಬರುತ್ತಿದ್ದ ಫುಸಾಎ ಅವನ ಕಣ್ಣಿಗೆ ಬಿದ್ದಳು.

"ಹೌದಪ್ಪ, ನಂದೇ ತಪ್ಪು," ಎಂದ ಇಸಾಮು. "ಅದು ರಿಪೇರಿಯಾಗೋ ಎಂಜಿನ್ ಅಲ್ಲ."